ಬೇಡ, ಬೇಗ ಮತ್ತು ಬೆವರು

ಬೆವರು ನಮ್ಮ ಮನೆತನದ ಆಸ್ತಿ. ಅಪ್ಪ ಊಟಕ್ಕೆ ಕೂತರೆ ಹೆಗಲ ಮೇಲೆ ಟವೆಲ್ ಇರಲೇಬೇಕಿತ್ತು. ಬಿಸಿ ಸಾರನ್ನ ಎರಡು ತುತ್ತು ಇಳಿಯುವಷ್ಟರಲ್ಲಿ ಹಣೆಯಿಂದ ಧಾರೆ. ಆ ಟವೆಲ್ ನನಗೆ ಬಂತು. ಐವತ್ತೆರಡಕ್ಕೆ ಕಿವಿಯೂ ಮಂದವಾಗಿ, ಎರಡೂ ಕಡೆ ಕೇಳಿಸುವ ಮಿಷನ್ ಏರಿತು. ಮಿಷನ್ ಕೂರುವುದೂ ಬೆವರು ಇಳಿಯುವುದೂ ಒಂದೇ ಜಾಗದಲ್ಲಿ, ಕಿವಿಯ ಹಿಂದೆ, ಅಂತ ನಾನು ಯೋಚಿಸಿರಲಿಲ್ಲ. ಮಾರಿದವರೂ ಹೇಳಲಿಲ್ಲ. ಏಸಿ ರೂಮಿನಲ್ಲಿ ಕೂರಿಸಿ "ಈಗ ಕೇಳಿಸ್ತಿದೆಯಾ ಸರ್?" ಅಂದರು. ಕೇಳಿಸಿತು. ದುಡ್ಡು ಕೊಟ್ಟು ಬಂದೆ.

2024ರ ಏಪ್ರಿಲ್ ಕೊನೆಯ ವಾರ. ಕರಗ ಮುಗಿದಿತ್ತು, ಓಟು ಹಾಕಿದ ಶಾಯಿ ಇನ್ನೂ ಬೆರಳ ಮೇಲಿತ್ತು, ಬೆಂಗಳೂರು 38 ಡಿಗ್ರಿಯ ಆಸುಪಾಸಿನಲ್ಲಿ ಬೇಯುತ್ತಿತ್ತು. ನಾನು ವಿಮೆ ಏಜೆಂಟ್. ಚಿಕ್ಕಪೇಟೆಯ ಸೀರೆ ವ್ಯಾಪಾರಿಯೊಬ್ಬರು ಮಧ್ಯಾಹ್ನ ಬನ್ನಿ ಅಂದಿದ್ದರು. ವಿಜಯನಗರದಿಂದ ಸ್ಕೂಟರ್ ಹತ್ತಿ, ಮೈಸೂರು ರಸ್ತೆಯ ಫ್ಲೈಓವರ್ ಇಳಿದು, ಮಾರ್ಕೆಟ್ ಬಳಿ ಸಿಗ್ನಲ್ಲಿನಲ್ಲಿ ನಿಂತೆ. ಹೆಲ್ಮೆಟ್ಟಿನ ಸ್ಪಂಜು ಮಿಷನ್ನನ್ನು ಒತ್ತಿದರೆ ಅದು ಕುಂಯ್ ಅಂತ ಶಿಳ್ಳೆ ಹಾಕುತ್ತದೆ. ಅವತ್ತು ಸಿಗ್ನಲ್ ಬಿಡುವಷ್ಟರಲ್ಲಿ ಶಿಳ್ಳೆಯೇ ನಿಂತುಹೋಯಿತು. ಒಳ್ಳೆಯದೇ ಆಯಿತು ಅಂದುಕೊಂಡೆ, ದಡ್ಡ.

ಅಂಗಡಿಯಲ್ಲಿ ಹೆಲ್ಮೆಟ್ ತೆಗೆದು ಗಾದಿಯ ಮೇಲೆ ಕೂತೆ. ಬಲಗಿವಿ ಪೂರ್ತಿ ಸತ್ತಿತ್ತು. ಎಡಗಿವಿಯಲ್ಲಿ ಒಗ್ಗರಣೆಯಂಥ ಚಟಪಟ. ಯಜಮಾನರು ಬಾಯಾಡಿಸುತ್ತಿದ್ದಾರೆ, ನಾನು ತಲೆಯಾಡಿಸುತ್ತಿದ್ದೇನೆ. ಕಿವಿ ಮಂದವಾದವರಿಗೆಲ್ಲ ಈ ವಿದ್ಯೆ ಕರಗತ. ಕೊನೆಗೆ ಅವರು ಕೈ ಆಡಿಸಿ ಏನೋ ಅಂದರು. ನನಗೆ ಕೇಳಿದ್ದು "ಬೇಗ". ಫಾರಂ ತೆಗೆದು ಹೆಸರು, ವಿಳಾಸ ತುಂಬತೊಡಗಿದೆ. ಅವರು ಅಂದಿದ್ದು "ಬೇಡ". ನಾನು ಹುಟ್ಟಿದ ದಿನಾಂಕ ಕೇಳುವ ಹೊತ್ತಿಗೆ ಅವರು ಎದ್ದು ನಿಂತಿದ್ದರು. ಅಂಗಡಿಯ ಹುಡುಗ ಸೀರೆ ಮಡಚುವುದು ಬಿಟ್ಟು ನಗುತ್ತಿದ್ದ.

ಮನೆಗೆ ಬಂದು ಹೊಸ ಸೆಲ್ ಹಾಕಿದೆ. ಸ್ವಲ್ಪ ಹೊತ್ತು ಮಾತಾಡಿ ಮತ್ತೆ ಸುಮ್ಮನಾಯಿತು. "ರೀ, ಅವತ್ತು ಮೊಬೈಲ್ ನೀರಿಗೆ ಬಿದ್ದಾಗ ಅಕ್ಕಿ ಡಬ್ಬಿಗೆ ಹಾಕಿದ್ವಲ್ಲ" ಅಂದಳು ನನ್ನಾಕೆ. ಸರಿ, ಎರಡು ಮಿಷನ್ನೂ ರಾತ್ರಿಯೆಲ್ಲ ಸೋನಾ ಮಸೂರಿಯ ಹೊಟ್ಟೆಯಲ್ಲಿ ಮಲಗಿದವು. ಬೆಳಿಗ್ಗೆ ಮೈಕಿನ ಸಣ್ಣ ತೂತಿಗೆ ಅಕ್ಕಿಯ ಬಿಳಿ ಹುಡಿ ಮೆತ್ತಿತ್ತು.

ಅದನ್ನು ನೋಡಿದ ಆಡಿಯಾಲಜಿಸ್ಟ್, ಅಂದರೆ ಕಿವಿ ಪರೀಕ್ಷಿಸಿ ಮಿಷನ್ ನೋಡಿಕೊಳ್ಳುವವರು, ನನ್ನ ಮಗಳ ವಯಸ್ಸಿನ ಹುಡುಗಿ, ನಗು ತಡೆದುಕೊಂಡು "ಅಕ್ಕಿ ಊಟಕ್ಕಿರಲಿ ಸರ್" ಅಂದರು. ಸೆಲ್ ಇಡುವ ಬಾಗಿಲು ತೆಗೆದು ಭೂತಗನ್ನಡಿ ಕೊಟ್ಟರು. ಲೋಹದ ಪಟ್ಟಿಯ ಮೇಲೆ ಹಸಿರು ಕಿಲುಬು. ಬೆವರಿನ ನೀರು ಆರಿಹೋದರೂ ಉಪ್ಪು ಅಲ್ಲೇ ಉಳಿಯುತ್ತದೆಯಂತೆ, ನಮ್ಮ ಹಿತ್ತಾಳೆ ಚೊಂಬಿಗೆ ಹುಳಿ ತಾಗಿದ ಹಾಗೆ. "ಡಬ್ಬಿ ಮೇಲೆ ಐಪಿ68 ಅಂತ, ನೀರು ಧೂಳು ತಡೆಯೋ ಗುರುತು ಇದೆಯಲ್ಲಮ್ಮ?" ಅಂದೆ. "ಅದು ಬರೀ ನೀರಿನಲ್ಲಿ ಮಾಡೋ ಪರೀಕ್ಷೆ ಸರ್. ನಿಮ್ಮದು ಉಪ್ಪುನೀರು."

ಸೆಲ್ಲಿನ ವಿಷಯ ನನಗೆ ಇನ್ನೂ ಸೋಜಿಗ. ಈ ಬಟನ್ ಸೆಲ್ಲುಗಳು ಜಿಂಕ್-ಏರ್ ಜಾತಿಯವು. ಬಣ್ಣದ ಸ್ಟಿಕರ್ ಕಿತ್ತಾಗ ಕಾಣುವ ಸೂಜಿಮೊನೆಯಂಥ ತೂತುಗಳಿಂದ ಗಾಳಿ ಎಳೆದುಕೊಂಡರೆ ಮಾತ್ರ ಕರೆಂಟು. ಆ ತೂತಿನ ಮೇಲೆ ಒಂದು ಹನಿ ಬೆವರು ಕೂತರೆ ಸೆಲ್ಲಿಗೆ ಉಸಿರುಕಟ್ಟುತ್ತದೆ. ಇದು ಗೊತ್ತಿಲ್ಲದೆ ಎಷ್ಟು ಒಳ್ಳೆಯ ಸೆಲ್ಲುಗಳನ್ನು ಖಾಲಿಯಾಗಿದೆ ಅಂತ ಎಸೆದೆನೋ. ಸ್ಟಿಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಹಾಗೇ ಬಿಟ್ಟು ಹಾಕಬೇಕು ಅನ್ನುವುದೂ ಅವತ್ತೇ ತಿಳಿದದ್ದು.

ಕಿಲುಬು ತೆಗೆಸಿಕೊಂಡು, ಮುಚ್ಚಳ ಬಿಗಿಯಾದ ಒಂದು ಡಬ್ಬಿ ತಂದೆ. ಒಳಗೆ ನೀಲಿ ಸಿಲಿಕಾ ಜೆಲ್ ಕಾಳು. ರಾತ್ರಿ ಮಿಷನ್ ಒರೆಸಿ, ಸೆಲ್ ತೆಗೆದು ಹೊರಗಿಟ್ಟು (ಒಳಗಿಟ್ಟರೆ ಅದೂ ಒಣಗಿ ಬೇಗ ಸಾಯುತ್ತದೆ), ಬಾಗಿಲು ತೆರೆದೇ ಡಬ್ಬಿಯೊಳಗೆ ಮಲಗಿಸುತ್ತೇನೆ. ತೇವ ಕುಡಿದು ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಿಸಬೇಕು. ನನ್ನ ಕಾಳು ಎಷ್ಟು ಬೇಗ ಗುಲಾಬಿಯಾಗುತ್ತದೆ ಅಂದರೆ ಮನೆಯವರಿಗೆ ಅದೊಂದು ತಮಾಷೆ. ಮಿಷನ್ನಿಗೆ ತೊಡಿಸುವ ಬಟ್ಟೆಯ ಸಣ್ಣ ಕವಚವೂ ಇದೆ. ಬೆವರು ತಡೆಯಿತು, ಆದರೆ ಗಾಳಿ ಬೀಸಿದರೆ ಬಟ್ಟೆ ಉಜ್ಜಿ ಬರಬರ ಸದ್ದು. ಬಿಟ್ಟೆ. ಇಷ್ಟೊಂದು ಬೆವರು ಯಾಕೆ ಅಂತ ಡಾಕ್ಟರು ಥೈರಾಯ್ಡ್, ಶುಗರ್ ಎರಡೂ ನೋಡಿದರು. ಎರಡೂ ಸರಿಯಿದೆ. ಅಪ್ಪನ ಟವೆಲ್ಲೇ ಕಾರಣ.

ಹೆಲ್ಮೆಟ್ಟಿನ ಕಗ್ಗಂಟು ಮಾತ್ರ ಬಿಡಿಸಲು ಆಗಲಿಲ್ಲ. ಮಿಷನ್ ಹಾಕಿಕೊಂಡು ಓಡಿಸಿದರೆ ಅದು ನೆನೆಯುತ್ತದೆ. ಜೇಬಿಗಿಟ್ಟು ಓಡಿಸಿದರೆ ಹಿಂದಿನ ಬಸ್ಸಿನ ಹಾರ್ನ್ ಕೇಳದು, ಕನ್ನಡಿ ನೋಡಿ ನೋಡಿ ಕತ್ತು ನೋವು. ಈಗ ಪೇಟೆ ಕಡೆಗೆ ಮೆಟ್ರೊ. ಮೆಜೆಸ್ಟಿಕ್ಕಿನಲ್ಲಿ ನೇರಳೆ ಲೈನ್ ಬಿಟ್ಟು ಹಸಿರು ಲೈನ್ ಹತ್ತಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ.

ಜೂನಿನಲ್ಲಿ ಆ ವ್ಯಾಪಾರಿಯ ಬಳಿ ಮತ್ತೆ ಹೋದೆ. ಹತ್ತು ನಿಮಿಷ ಮುಂಚೆ ತಲುಪಿ, ಪಕ್ಕದ ಅಂಗಡಿಯ ನೆರಳಲ್ಲಿ ನಿಂತು, ಕರ್ಚೀಫಿನಿಂದ ಕಿವಿಯ ಹಿಂದೆ ಚೆನ್ನಾಗಿ ಒರೆಸಿಕೊಂಡು ಮಿಷನ್ ಏರಿಸಿದೆ. ಅದೇ ಹುಡುಗ ನನ್ನನ್ನು ನೋಡಿ ಒಳಗೆ ಓಡಿದ. ಯಜಮಾನರು ಕಾಫಿ ತರಿಸಿದರು, ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಪ್ರತಿ ಅಕ್ಷರ ಬಿಡಿಸಿ, "ಬೇ-ಡ ಸ್ವಾಮಿ" ಅಂದರು.

"ಅಷ್ಟು ಜೋರಾಗಿ ಬೇಡ ಯಜಮಾನ್ರೇ, ಕೇಳಿಸ್ತು" ಅಂದೆ.