ಬಿರುಗಾಳಿ ಹೋದ ಮೇಲಿನ ಮೂರು ದಿನ

ಮಾರ್ಚ್ 24, 2025, ಸೋಮವಾರ, ರಾತ್ರಿ

“ಸರ್, ಸೌರ ಬಿರುಗಾಳಿ ಬಡಿದ ಕೆಲವೇ ಗಂಟೆಗಳಲ್ಲಿ ಎಲೆಕ್ಟ್ರಾನ್ ಎಣಿಕೆ ನೂರು ಪಟ್ಟು ಕುಸಿದಿದೆ. ಡಿಟೆಕ್ಟರ್ ಕೈಕೊಟ್ಟಿರಬೇಕು, ಅಲ್ವಾ?”

ಭೂಸ್ಥಿರ ಕಕ್ಷೆಯ (ಭೂಮಿಯ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಉಪಗ್ರಹಗಳ ದಾರಿ) ಹಳೆಯ ದತ್ತಾಂಶ ಹಿಡಿದು ನನ್ನ ವಿದ್ಯಾರ್ಥಿನಿ ಕೇಳಿದ್ದು ಇಷ್ಟೇ. ಡಿಟೆಕ್ಟರ್ ಸರಿಯಾಗಿಯೇ ಇತ್ತು. ಅದು ಎಣಿಸುವುದು ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದು ಭೂಮಿಯನ್ನು ಸುತ್ತುವ ವೇಗದ ಎಲೆಕ್ಟ್ರಾನುಗಳನ್ನು. ಇಂಥ ಕಣಗಳ ವಿಕಿರಣ ಪಟ್ಟಿಗಳು ಎರಡು, ಒಳಗಿನದು ಮತ್ತು ಹೊರಗಿನದು; ಇದು ಹೊರಪಟ್ಟಿಯ ಕಥೆ. ಬಿರುಗಾಳಿ ಎಂದರೆ ವಿಕಿರಣ ಹೆಚ್ಚಬೇಕು ಅಂದುಕೊಂಡವರಿಗೆಲ್ಲ ಮೊದಲು ಎದುರಾಗುವುದು ಈ ಕುಸಿತವೇ. ಅದಕ್ಕೆ ಮೂರು ಕಾರಣಗಳಿವೆ. ಮೂರೂ ಒಟ್ಟಿಗೇ ಕೆಲಸ ಮಾಡುವುದರಿಂದ ಬಿಡಿಸಿ ನೋಡದೆ ಗ್ರಾಫನ್ನು ನಂಬುವಂತಿಲ್ಲ.

ಮೊದಲನೆಯದು ಬರೀ ತೋರಿಕೆ. ಬಿರುಗಾಳಿಯಲ್ಲಿ ಭೂಮಿಯ ಸುತ್ತ ಹರಿಯುವ ಉಂಗುರಾಕಾರದ ವಿದ್ಯುತ್ ಪ್ರವಾಹ ಬಲವಾಗುತ್ತದೆ, ಒಳಗಿನ ಕಾಂತಕ್ಷೇತ್ರ ದುರ್ಬಲವಾಗುತ್ತದೆ. ಬಿರುಗಾಳಿಯ ಬಲ ಹೇಳುವ ಡಿಎಸ್‌ಟಿ ಸೂಚ್ಯಂಕ ಕೆಳಗಿಳಿಯುವುದು ಇದರಿಂದಲೇ. ತಾನು ಸುತ್ತುವರಿದ ಕಾಂತಪ್ರವಾಹ ಮೊದಲಿನಷ್ಟೇ ಉಳಿಯಬೇಕಾದ್ದರಿಂದ ಎಲೆಕ್ಟ್ರಾನಿನ ಸುತ್ತು ಹೊರಕ್ಕೆ ಹಿಗ್ಗುತ್ತದೆ. ಹಿಗ್ಗಿದಾಗ ಶಕ್ತಿ ಇಳಿಯುತ್ತದೆ. ಡಿಟೆಕ್ಟರು ಎಣಿಸುವುದು 2 ಎಂಇವಿಗಿಂತ ಮೇಲಿನವನ್ನು ಮಾತ್ರ (ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್, ಕಣದ ಶಕ್ತಿಯ ಅಳತೆ). ಒಂದು ಕಣವೂ ಕಳೆದುಹೋಗದೆ ಎಣಿಕೆ ಬೀಳುತ್ತದೆ, ಡಿಎಸ್‌ಟಿ ಚೇತರಿಸಿಕೊಂಡಂತೆ ವಾಪಸ್ ಬರುತ್ತದೆ.

ಎರಡನೆಯದು ನಿಜವಾದ ನಷ್ಟ. ಸೂರ್ಯನ ಕಡೆಗೆ ಕಾಂತಗೋಳದ (ಭೂಮಿಯ ಕಾಂತಕ್ಷೇತ್ರ ಆಳುವ ಜಾಗ) ಅಂಚು ಸಾಮಾನ್ಯವಾಗಿ ಭೂಕೇಂದ್ರದಿಂದ ಹತ್ತು ಭೂತ್ರಿಜ್ಯ ದೂರದಲ್ಲಿರುತ್ತದೆ. ಸೌರ ಮಾರುತದ ಒತ್ತಡ ಏರಿ, ಅದರ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದರೆ ಆ ಅಂಚು 6.6 ತ್ರಿಜ್ಯದ ಭೂಸ್ಥಿರ ಕಕ್ಷೆಯ ಒಳಕ್ಕೂ ನುಗ್ಗಬಹುದು. ಆ ಎತ್ತರದಲ್ಲಿ 1 ಎಂಇವಿ ಎಲೆಕ್ಟ್ರಾನು ಭೂಮಿಯನ್ನು ಸುತ್ತಿ ಬರಲು ಸುಮಾರು ಹತ್ತು ನಿಮಿಷ ಸಾಕು. ಆ ಸುತ್ತಿನ ದಾರಿ ಅಂಚನ್ನು ದಾಟಿತೋ, ಎಲೆಕ್ಟ್ರಾನು ಸೌರ ಮಾರುತದ ಪಾಲು. ಹೊರಗೆ ಖಾಲಿಯಾದಾಗ ಒಳಗಿನವೂ ಹೊರಕ್ಕೆ ಹರಡಿ ಅದೇ ದಾರಿಯಲ್ಲಿ ಸೋರುತ್ತವೆ. ಮೂರನೆಯದು ವಾತಾವರಣಕ್ಕೆ ಸುರಿದುಹೋಗುವುದು: ಅಯಾನುಗಳು ಹುಟ್ಟಿಸುವ ಅಲೆಗಳು ಎಲೆಕ್ಟ್ರಾನುಗಳ ಚಲನೆಯ ಕೋನ ಬದಲಿಸಿ ಅವನ್ನು ಧ್ರುವಗಳ ಕಡೆ ಕೆಳಕ್ಕೆ ತಳ್ಳುತ್ತವೆ.

ಹೀಗಾಗಿ ಎಣಿಕೆಯನ್ನು ಹಾಗೇ ನೋಡಬಾರದು. ಕಾಂತಕ್ಷೇತ್ರ ನಿಧಾನವಾಗಿ ಬದಲಾದರೂ ಬದಲಾಗದ, ಚಲನೆಯ ಮೂರು ಅಚಲ ಮೌಲ್ಯಗಳನ್ನು ಸ್ಥಿರವಾಗಿಟ್ಟು ಪ್ರಾವಸ್ಥಾ ಸಾಂದ್ರತೆ (ಸ್ಥಾನ, ಸಂವೇಗ ಎರಡನ್ನೂ ಲೆಕ್ಕಕ್ಕೆ ಹಿಡಿದ ಕಣಗಳ ದಟ್ಟಣೆ) ಲೆಕ್ಕ ಹಾಕಬೇಕು. ಅದೂ ಬಿದ್ದಿದ್ದರೆ ಮಾತ್ರ ನಷ್ಟ ನಿಜ. ತೊಡಕು ಏನೆಂದರೆ, ಈ ಲೆಕ್ಕಕ್ಕೆ ಕಾಂತಕ್ಷೇತ್ರದ ಮಾದರಿ ಬೇಕು, ಮಾದರಿಗಳು ತೀರಾ ಎಡವುವುದು ಬಿರುಗಾಳಿಯ ಮುಖ್ಯ ಹಂತದಲ್ಲೇ. ಎರಡು ಮಾದರಿಗಳಲ್ಲಿ ಲೆಕ್ಕ ಮಾಡಿ, ಎರಡೂ ಒಪ್ಪಿದ ಕಡೆ ಮಾತ್ರ ಮಾತಾಡುವುದು ಒಳ್ಳೆಯದು.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಅವಳ ಎರಡನೆಯ ಮಾತು: “ಹಾಗಾದರೆ ಬಿರುಗಾಳಿ ಮುಗಿದ ಮೇಲೆ ಉಪಗ್ರಹಕ್ಕೆ ಚಿಂತೆಯಿಲ್ಲ.”

ಇಲ್ಲ, ಇಲ್ಲ. ಚಿಂತೆ ಶುರುವಾಗುವುದೇ ಆಗ. ಇವತ್ತು ಬರೆಯಲು ಕೂತಿದ್ದೂ ಇದೊಂದು ಮಾತಿಗಾಗಿ.

ಡಿಎಸ್‌ಟಿ ಮೇಲೇರುತ್ತಿರುವ ಚೇತರಿಕೆಯ ಹಂತದಲ್ಲಿ, ಸೌರ ಮಾರುತ ಇನ್ನೂ ವೇಗವಾಗಿಯೇ ಬೀಸುತ್ತಿದ್ದರೆ, ಹೊರಪಟ್ಟಿ ಮತ್ತೆ ತುಂಬುತ್ತದೆ. ಕಾಂತಗೋಳ ಸೂರ್ಯನ ವಿರುದ್ಧ ದಿಕ್ಕಿಗೆ ಚಾಚಿದ ಬಾಲದ ಕಡೆಯಿಂದ, ಉಪಬಿರುಗಾಳಿಗಳು ಎಂಬ ಕೆಲವು ಗಂಟೆಗಳ ಸಣ್ಣ ಸ್ಫೋಟಗಳು ಎರಡು ಬಗೆಯ ಎಲೆಕ್ಟ್ರಾನುಗಳನ್ನು ಒಳಕ್ಕೆ ತಳ್ಳುತ್ತವೆ. ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟ್ ಮಟ್ಟದವು ಕೋರಸ್ ಎಂಬ ವಿದ್ಯುತ್ಕಾಂತೀಯ ಅಲೆಗಳನ್ನು ಹುಟ್ಟಿಸುತ್ತವೆ. ಲಕ್ಷಗಟ್ಟಲೆ ಎಲೆಕ್ಟ್ರಾನ್ ವೋಲ್ಟ್ ಮಟ್ಟದವು ಬೀಜ. ಆ ಅಲೆಗಳು ಈ ಬೀಜಗಳನ್ನು ಒಂದೆರಡು ದಿನಗಳಲ್ಲಿ ಎಂಇವಿ ಮಟ್ಟಕ್ಕೆ ಏರಿಸುತ್ತವೆ. ಜೊತೆಗೆ ನಿಮಿಷಗಟ್ಟಲೆ ಅವಧಿಯ ನಿಧಾನ ಕಾಂತ ಅಲೆಗಳೂ ಇವೆ. ಉಯ್ಯಾಲೆಯನ್ನು ಹದವರಿತು ತಳ್ಳಿದಂತೆ, ಎಲೆಕ್ಟ್ರಾನಿನ ಸುತ್ತಿಗೆ ಅವುಗಳ ತಾಳ ಕೂಡಿಬಂದರೆ ಕಣ ಒಳಕ್ಕೆ ಸರಿದು ಶಕ್ತಿ ಪಡೆಯುತ್ತದೆ. ಇವೆರಡರಲ್ಲಿ ಯಾವುದು ಮುಖ್ಯ ಎಂಬ ಜಗಳ ಬಹಳ ಕಾಲ ನಡೆದಿತ್ತು. 2012ರ ಅಕ್ಟೋಬರ್ ಬಿರುಗಾಳಿಯಲ್ಲಿ ಪ್ರಾವಸ್ಥಾ ಸಾಂದ್ರತೆಯ ಶಿಖರ ಪಟ್ಟಿಯ ನಡುವೆಯೇ ಎದ್ದುದನ್ನು ವಿಕಿರಣ ಪಟ್ಟಿಗಳನ್ನು ಅಳೆಯುತ್ತಿದ್ದ ನಾಸಾದ ಜೋಡಿ ವ್ಯಾನ್ ಅಲೆನ್ ನೌಕೆಗಳು ಕಂಡವು. ಕಣಗಳು ಹೊರಗಿನಿಂದ ಬರೀ ಹರಿದು ಬಂದಿದ್ದರೆ ಅಲ್ಲಿ ಶಿಖರ ಏಳುತ್ತಿರಲಿಲ್ಲ; ಅವು ಅಲ್ಲೇ ಶಕ್ತಿ ಪಡೆದಿದ್ದವು, ಅಂದರೆ ತೂಕ ಕೋರಸ್ ಕಡೆಗೆ.

ಹಾಗೆಂದು ಪ್ರತಿ ಬಿರುಗಾಳಿಯೂ ಪಟ್ಟಿಯನ್ನು ತುಂಬುವುದಿಲ್ಲ. 1989ರಿಂದ 2000ದವರೆಗಿನ 276 ಬಿರುಗಾಳಿಗಳನ್ನು ಪರಿಶೀಲಿಸಿದ ಪ್ರಸಿದ್ಧ ಅಧ್ಯಯನ ಒಂದಿದೆ. ಸುಮಾರು ಅರ್ಧದಷ್ಟರಲ್ಲಿ ಎಲೆಕ್ಟ್ರಾನು ಹೆಚ್ಚಿತು, ಸುಮಾರು ಐದರಲ್ಲಿ ಒಂದರಲ್ಲಿ ಕಡಿಮೆಯಾಯಿತು, ಉಳಿದವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಡಿಎಸ್‌ಟಿ ಎಷ್ಟು ಆಳಕ್ಕೆ ಹೋಯಿತು ಎಂಬುದನ್ನೊಂದೇ ನೋಡಿ ಪಟ್ಟಿಯ ಗತಿ ಹೇಳುವವರ ಮಾತು ಕೇಳಬೇಡಿ. ಗಳಿಕೆ ಮತ್ತು ನಷ್ಟದ ನಡುವಿನ ಸಣ್ಣ ಉಳಿಕೆಯೇ ಕೊನೆಗೆ ಲೆಕ್ಕಕ್ಕೆ ಬರುವುದು.

ಸಾಧಾರಣ ಬಿರುಗಾಳಿಯೂ ಹಾನಿ ಮಾಡಬಲ್ಲದು. 1994ರ ಜನವರಿ 20ರಂದು ಕೆನಡಾದ ಸಂಪರ್ಕ ಉಪಗ್ರಹಗಳಾದ ಅನಿಕ್ ಇ1, ಇ2 ಎರಡೂ ಒಂದೇ ದಿನ ದಿಕ್ಕು ತಪ್ಪಿದವು. ಕೆಟ್ಟದ್ದು ಉಪಗ್ರಹದ ದಿಕ್ಕನ್ನು ಹಿಡಿದಿಡುವ ಸಮತೋಲ ಚಕ್ರದ ನಿಯಂತ್ರಣ ಸರ್ಕ್ಯೂಟು. ಮೊದಲನೆಯದು ಕೆಲವು ಗಂಟೆಗಳಲ್ಲಿ ಸುಧಾರಿಸಿತು, ಎರಡನೆಯದಕ್ಕೆ ತಿಂಗಳುಗಳೇ ಹಿಡಿದವು. ಅದಕ್ಕೆ ಮುನ್ನ ನಡೆದದ್ದು ಭಾರೀ ಸ್ಫೋಟವಲ್ಲ. ವೇಗದ ಸೌರ ಮಾರುತ, ದಿನಗಟ್ಟಲೆ ಇಳಿಯದ ಎಲೆಕ್ಟ್ರಾನ್ ಎಣಿಕೆ.

ಆಗುವುದು ಹೀಗೆ. 2 ಎಂಇವಿ ಎಲೆಕ್ಟ್ರಾನು ಸುಮಾರು 4.5 ಮಿ.ಮೀ. ಅಲ್ಯೂಮಿನಿಯಂ ತೂರುತ್ತದೆ, 1 ಎಂಇವಿಯದು ಸುಮಾರು 2 ಮಿ.ಮೀ. ಹೊರಕವಚ ದಾಟಿದ್ದು ಕೇಬಲಿನ ಟೆಫ್ಲಾನ್ ಹೊದಿಕೆಯಲ್ಲಿ, ಸರ್ಕ್ಯೂಟ್ ಬೋರ್ಡಿನಲ್ಲಿ, ಎಲ್ಲಿಗೂ ಜೋಡಿಸದೆ ಬಿಟ್ಟ ಲೋಹದ ತುಣುಕಿನಲ್ಲಿ ಕೂರುತ್ತದೆ. ನಿರೋಧಕದಿಂದ ಆವೇಶ ಸೋರುವ ವೇಗಕ್ಕಿಂತ ಸೇರುವ ವೇಗ ಹೆಚ್ಚಾದರೆ ವಿದ್ಯುತ್ ಕ್ಷೇತ್ರ ಬೆಳೆಯುತ್ತಾ ಹೋಗಿ ಒಳಗೇ ಕಿಡಿ ಹಾರುತ್ತದೆ. ತಣ್ಣಗಿರುವ ನಿರೋಧಕದಲ್ಲಿ ಸೋರಿಕೆ ಇನ್ನೂ ನಿಧಾನ. ವಿನ್ಯಾಸಕಾರರು ಬಳಸುವ ಗಡಿ: ಹತ್ತು ಗಂಟೆಗಳಲ್ಲಿ ಚದರ ಸೆಂ.ಮೀ.ಗೆ 10,00,00,00,000 ಎಲೆಕ್ಟ್ರಾನು. ಅದನ್ನು ಮೀರುವ ಜಾಗದಲ್ಲಿ ಕವಚ ದಪ್ಪ ಮಾಡಬೇಕು, ತೇಲುತ್ತಿರುವ ಪ್ರತಿ ಲೋಹವನ್ನೂ ನೆಲತಂತಿಗೆ ಸೇರಿಸಬೇಕು, ಬಳಸದ ಕೇಬಲ್ ತುದಿಗಳನ್ನೂ ಮರೆಯಬಾರದು.

ದೋಷ ಕಂಡಾಗ ಮೊದಲು ನೋಡಬೇಕಾದ್ದು ಗಡಿಯಾರ. ನಡುರಾತ್ರಿಯಿಂದ ಬೆಳಗಿನವರೆಗಿನ ಸ್ಥಳೀಯ ವೇಳೆಯಲ್ಲಿ, ಉಪಬಿರುಗಾಳಿಯ ನಡುವೆ ಆಗಿದ್ದರೆ ಮೇಲ್ಮೈ ಆವೇಶದ ಅನುಮಾನ. ಮೆಮೊರಿಯಲ್ಲಿ ಒಂದು ಬಿಟ್ ಮಾತ್ರ ತಿರುಗಿದ್ದರೆ ಪ್ರೋಟಾನು ಅಥವಾ ಭಾರ ಅಯಾನು. ಬಿರುಗಾಳಿ ಹೋಗಿ ಎರಡು ಮೂರು ದಿನವಾದ ಮೇಲೆ, ಯಾರೂ ಕೊಡದ ಆದೇಶ ಬಂದಂತೆ ಯಾವುದೋ ರಿಲೇ ಬದಲಾಗಿದ್ದರೆ ಒಳ ಆವೇಶವನ್ನು ಶಂಕಿಸಿ.

ಭೂಸ್ಥಿರ ಕಕ್ಷೆಯಲ್ಲಿರುವ ಅಮೆರಿಕದ ಗೋಸ್ ಹವಾಮಾನ ಉಪಗ್ರಹದ 2 ಎಂಇವಿ ಮೇಲಿನ ಎಣಿಕೆ ಚದರ ಸೆಂ.ಮೀ., ಸೆಕೆಂಡು, ಸ್ಟೆರೇಡಿಯನ್‌ಗೆ (ಘನಕೋನದ ಅಳತೆ) 1,000 ದಾಟಿದರೆ ಎಚ್ಚರಿಕೆ ಹೊರಡುತ್ತದೆ. ಅಲ್ಲೂ ಎರಡು ಬಲೆಗಳಿವೆ. ಹಗಲಿನ ಕಡೆ ಕಾಂತಕ್ಷೇತ್ರ ಒತ್ತಿಕೊಂಡಿರುವುದರಿಂದ ಮಧ್ಯಾಹ್ನದ ಎಣಿಕೆ ಸಾಮಾನ್ಯವಾಗಿ ಮಧ್ಯರಾತ್ರಿಗಿಂತ ಹೆಚ್ಚು. ಬೆಳಗಿನ ಏರಿಕೆಯನ್ನು ಹೊಸ ಬೆಳವಣಿಗೆ ಎಂದು ಓದದೆ, 24 ಗಂಟೆಗಳ ಒಟ್ಟು ಮೊತ್ತವನ್ನು ನಿನ್ನೆಯದರ ಜೊತೆ ಹೋಲಿಸಬೇಕು. ಇನ್ನು ಸೌರ ಪ್ರೋಟಾನ್ ಮಳೆ ನಡೆಯುತ್ತಿದ್ದರೆ ಎಲೆಕ್ಟ್ರಾನ್ ಚಾನೆಲ್ಲಿಗೇ ಪ್ರೋಟಾನು ನುಗ್ಗಿ ಎಣಿಕೆ ಉಬ್ಬುತ್ತದೆ. ಆ ಗಂಟೆಗಳನ್ನು ಪಕ್ಕಕ್ಕಿಡಿ.

ಇವತ್ತಿನ ತಾರೀಖು ಈಗಷ್ಟೇ ಗಮನಕ್ಕೆ ಬಂತು. 1991ರ ಇದೇ ಮಾರ್ಚ್ 24ರಂದು ಸೌರ ಮಾರುತದ ಆಘಾತ ತರಂಗವೊಂದು ಕಾಂತಗೋಳವನ್ನು ಹಿಂಡಿತು. ಒಳಕ್ಕೆ ಸಾಗಿದ ವಿದ್ಯುತ್ ಕ್ಷೇತ್ರದ ಒಂದೇ ಮಿಡಿತ, ನಿಮಿಷಗಳ ಒಳಗೆ, 2.5 ತ್ರಿಜ್ಯದ ಬಳಿ 13 ಎಂಇವಿ ಮೀರಿದ ಎಲೆಕ್ಟ್ರಾನುಗಳ ಹೊಸ ಪಟ್ಟಿಯನ್ನೇ ಕಟ್ಟಿತು. ಎರಡು ಪಟ್ಟಿಗಳ ನಡುವೆ ಖಾಲಿ ಇರಬೇಕಾದ ಜಾಗ ಅದು! ವಿಕಿರಣ ಅಳೆಯುತ್ತಿದ್ದ ಕ್ರೆಸ್ ಉಪಗ್ರಹ ಆ ಹೊತ್ತಿಗೆ ಸರಿಯಾಗಿ ಅಲ್ಲೇ ಇತ್ತು. ಆ ಎಲೆಕ್ಟ್ರಾನುಗಳು ವರ್ಷಗಟ್ಟಲೆ ಉಳಿದವು. ಎಷ್ಟು ಸಲ ನೋಡಿದರೂ ಆ ಗ್ರಾಫ್ ಮೈ ಜುಮ್ಮೆನಿಸುತ್ತದೆ.

2024ರ ಮೇ ಬಿರುಗಾಳಿಯೂ ಅಂಥದ್ದೇ ಬಿಟ್ಟುಹೋಯಿತು. ಸರ್ಬಿ ಎಂಬ ಪುಟ್ಟ ಕ್ಯೂಬ್‌ಸ್ಯಾಟ್ ಏಪ್ರಿಲ್‌ನಲ್ಲಿ ಮೌನವಾಗಿತ್ತು, ಬಿರುಗಾಳಿಯ ದಿನಗಳಲ್ಲೂ ಮೌನವಾಗಿಯೇ ಇತ್ತು. ಜೂನ್ ಮಧ್ಯದಲ್ಲಿ ಎದ್ದು ಕಂಡದ್ದು ಎರಡು ಹೊಸ ಪಟ್ಟಿ: 2.5ರಿಂದ 3.5 ತ್ರಿಜ್ಯದಲ್ಲಿ 1.3ರಿಂದ 5 ಎಂಇವಿ ಎಲೆಕ್ಟ್ರಾನು, 2ರ ಬಳಿ 6.8ರಿಂದ 20 ಎಂಇವಿ ಪ್ರೋಟಾನು. ಎಲೆಕ್ಟ್ರಾನ್ ಪಟ್ಟಿ ಮೂರು ತಿಂಗಳಿಗೂ ಹೆಚ್ಚು ಬಾಳಿತು. ಭೂಸ್ಥಿರ ಕಕ್ಷೆಗೆ ಏರುವ ಉಪಗ್ರಹಗಳು ದಾಟಿ ಹೋಗುವುದು ಇದೇ ಜಾಗವನ್ನು, ಅದರಲ್ಲೂ ವಿದ್ಯುತ್ ನೋದನದಲ್ಲಿ ತಿಂಗಳುಗಟ್ಟಲೆ ಏರುವಂಥವಕ್ಕೆ ಅಲ್ಲಿನ ವಿಕಿರಣ ಡೋಸಿನ ಲೆಕ್ಕ ಮತ್ತೆ ಮಾಡಬೇಕಾಗುತ್ತದೆ.

ಆದರೆ 2.8 ತ್ರಿಜ್ಯದ ಗಡಿ? ತೀರಾ ವೇಗದ ಎಲೆಕ್ಟ್ರಾನುಗಳು ಅದನ್ನು ದಾಟಿ ಒಳಬರುವುದಿಲ್ಲ ಎಂದು ವ್ಯಾನ್ ಅಲೆನ್ ನೌಕೆಗಳ ದತ್ತಾಂಶ ಹೇಳಿತ್ತು. ಒಳಕ್ಕೆ ಹರಡುವಿಕೆ ತೀರಾ ನಿಧಾನ, ಅಷ್ಟರಲ್ಲಿ ಪ್ಲಾಸ್ಮಾಗೋಳದ (ಭೂಮಿಯ ಹತ್ತಿರ ತಣ್ಣನೆಯ, ದಟ್ಟ ಪ್ಲಾಸ್ಮಾ ತುಂಬಿದ ಜಾಗ) ಹಿಸ್ ಎಂಬ ಅಲೆಗಳು ಅವನ್ನು ಉದುರಿಸಿಬಿಡುತ್ತವೆ. ಮೇ ಪಟ್ಟಿ ಆ ಗಡಿಯ ಎರಡೂ ಬದಿಗೆ ಚಾಚಿದೆ. ಮಹಾ ಬಿರುಗಾಳಿ ಪ್ಲಾಸ್ಮಾಗೋಳವನ್ನು ಸವೆಸಿ ಒಳಕ್ಕೆ ಒತ್ತಿದಾಗ ಹಿಸ್ ಕೂಡ ಒಳಕ್ಕೆ ಹೋಗುತ್ತದೆ, ಕೋರಸ್ ಆ ಜಾಗಕ್ಕೆ ಬರುತ್ತದೆ. ಹಾಗಾದರೆ ಎಣಿಸಬೇಕಾದ್ದು 3 ತ್ರಿಜ್ಯದಲ್ಲಿ ಹಿಸ್ ಇಲ್ಲದ ಗಂಟೆಗಳನ್ನು; ಅದಕ್ಕೆ ಪ್ಲಾಸ್ಮಾಗೋಳ ಅಯಾನುಗೋಳದಿಂದ ಮತ್ತೆ ತುಂಬಿಕೊಳ್ಳಲು ಹಿಡಿಯುವ ಸಮಯ ಬೇಕು, ಹೊರಕ್ಕೆ ಹೋದಂತೆ ಅದು ದಿನಗಟ್ಟಲೆ ಆಗುತ್ತದೆ, ಮತ್ತು ಆ ನಡುವೆ ಇನ್ನೊಂದು ಸಣ್ಣ ಬಿರುಗಾಳಿ ಬಂದರೆ…