ಈ ಕಾಯಿ ಅಳೆದಿದ್ದಾರಾ?

ಹೋದ ವಾರ ಇಂಡಿಯನ್ ಅಂಗಡಿಯಿಂದ ಎರಡು ತೆಂಗಿನಕಾಯಿ ತಂದಿದ್ದೆ. ಒಂದನ್ನು ಪಕ್ಕದ ಮನೆಗೆ ಕೊಡಲು ಹೋದೆ. ಬಾಗಿಲು ತೆಗೆದ ಆರು ವರ್ಷದ ಮೊಮ್ಮಗಳು ಕಾಯಿಯನ್ನು ತಿರುಗಿಸಿ ನೋಡಿ ಕೇಳಿದಳು, "ಆಂಟಿ, ಇದನ್ನ ಅಳೆದಿದ್ದಾರಾ?"

ತೂಕದ ಮಾತು ಅಂದುಕೊಂಡೆ. "ಇಲ್ಲ ಪುಟ್ಟಿ, ಕಾಯಿ ಲೆಕ್ಕದಲ್ಲೇ ಕೊಡ್ತಾರೆ" ಅಂದೆ. ಒಳಗಿನಿಂದ ಅವಳ ಅಜ್ಜಿ ಜೋರಾಗಿ ನಕ್ಕರು.

ಅವರು ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪದವರು. ನಮ್ಮ ಸ್ಪ್ರಿಂಗ್‌ಡೇಲ್‌ನಲ್ಲಿ, ಅಂದರೆ ಅಮೆರಿಕದ ಅರ್ಕನ್ಸಾದಲ್ಲಿ, ಅವರ ಜನ ಸಾವಿರಾರು. ಇವರ ಊರು ಅಲ್ಲಿನ ಬಿಕಿನಿ ಅನ್ನೋ ಹವಳದ ದ್ವೀಪ. 1946ರಲ್ಲಿ ಅಮೆರಿಕದವರು ಅಣುಬಾಂಬ್ ಪರೀಕ್ಷೆಗೆ ಅಂತ ಊರು ಖಾಲಿ ಮಾಡಿಸಿದರು. 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ ಒಟ್ಟು 67 ಬಾಂಬ್ ಸಿಡಿಸಿದರು. ಆಮೇಲೆ ಇನ್ನು ಭಯವಿಲ್ಲ ಅಂದರು. ಇವರ ಮನೆಯವರೂ ಸೇರಿ ಕೆಲವರು 70ರ ದಶಕದಲ್ಲಿ ವಾಪಸ್ ಹೋದರು. ಹೊಸದಾಗಿ ನೆಟ್ಟ ತೆಂಗು ಫಲ ಕೊಟ್ಟಿತು. ಮಕ್ಕಳು ಎಳನೀರು ಕುಡಿದರು.

"ಯಂತ್ರದಲ್ಲಿ ಅಲುಗಾಡದೆ ಇರಬೇಕಿತ್ತು" ಅಂದರು ಅಜ್ಜಿ. ಮೈಯೊಳಗಿನ ಸೀಸಿಯಂ, ಅಂದರೆ ಬಾಂಬ್ ಬಿಟ್ಟುಹೋದ ವಿಕಿರಣದ ವಸ್ತು, ಅಳೆಯುವ ಯಂತ್ರ ಅದು. ವರ್ಷದಿಂದ ವರ್ಷಕ್ಕೆ ಲೆಕ್ಕ ಏರಿತು. 1978ರಲ್ಲಿ ಮತ್ತೆ ಹಡಗು ಹತ್ತಿಸಿದರು. ಆಗ ಇವರಿಗೆ ಎಂಟು ವರ್ಷ. "ಬಾಂಬ್ ತಂದವರೂ ಅವರೇ, ಯಂತ್ರ ತಂದವರೂ ಅವರೇ" ಅಂದು ಕಾಯಿಯನ್ನು ಮೆಟ್ಟಿಲಿಗೆ ಕುಟ್ಟಿ ಒಡೆದರು.

ನಾನು ತಿಪಟೂರಿನವಳು. ಕಾಯಿ ಬಲಿತಿದೆಯಾ ಅಂತ ಬೆರಳಲ್ಲಿ ತಟ್ಟಿ ಹೇಳುವ ಊರು. ಬಲಿತ ಕಾಯಿಯ ನೀರೇ ಮೈಗೆ ವಿಷ ತರಬಹುದು ಅನ್ನೋದು ನನ್ನ ತಲೆಗೆ ಹೊಳೆಯೋದೇ ಇಲ್ಲ. ಕಾರಣ ಕೇಳಿದರೆ ಇನ್ನೂ ವಿಚಿತ್ರ. ಅಲ್ಲಿನ ಹವಳದ ಮಣ್ಣಿನಲ್ಲಿ ಪೊಟ್ಯಾಶಿಯಂ ಬಹಳ ಕಡಿಮೆ. ಹಸಿದ ಮರ ಅದರಂತೆಯೇ ಇರುವ ಸೀಸಿಯಂ ಹೀರಿಕೊಳ್ಳುತ್ತದೆ. ಮರದ ಬುಡಕ್ಕೆ ಪೊಟ್ಯಾಶಿಯಂ ಇರುವ ಪೊಟ್ಯಾಷ್ ಗೊಬ್ಬರ ಹಾಕಿದರೆ ಆ ಹೀರುವಿಕೆ ತುಂಬಾ ಇಳಿಯುತ್ತದೆ ಅಂತ ವಿಜ್ಞಾನಿಗಳು ಅಲ್ಲೇ ಪ್ರಯೋಗ ಮಾಡಿ ಕಂಡುಕೊಂಡರು. ಅಪ್ಪ ನಮ್ಮ ತೋಟಕ್ಕೆ ಹಾಕುವುದೂ ಅದೇ ಪೊಟ್ಯಾಷ್, ಕೊಬ್ಬರಿ ದಪ್ಪ ಬರಲಿ ಅಂತ!

ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಚಿಕ್ಕಮ್ಮನ ಮನೆ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಅಲ್ಲಿನ ಮಕ್ಕಳ ಹಲ್ಲು ಕಂದು. ಚಿಕ್ಕವಳಿದ್ದಾಗ ನಾವು ಅದನ್ನು ನೋಡಿ ಆಡಿಕೊಂಡು ನಗುತ್ತಿದ್ದೆವು. "ಈ ನೀರು ಅಳೆದಿದ್ದಾರಾ?" ಅಂತ ನಮ್ಮ ಮನೆಯ ಯಾವ ಮಗುವೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ನೆನೆದರೆ ನಾಚಿಕೆ ಆಗುತ್ತದೆ.

ಭಾನುವಾರ ಅಪ್ಪನಿಗೆ ಫೋನ್‌ನಲ್ಲಿ ಇದನ್ನೆಲ್ಲ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಕೊನೆಗೆ, "ಸಮುದ್ರದ ಮಧ್ಯಕ್ಕೆ ಪೊಟ್ಯಾಷ್ ಮೂಟೆ ಯಾರು ಹೊತ್ತುಕೊಂಡು ಹೋಗ್ತಾರಮ್ಮ?" ಅಂದರು.