ಕೆಂಪು ಶಾಯಿಯಲ್ಲಿ ಬರೆದ ಪ್ರಶ್ನೆ

ಬಿ.ಎಸ್ಸಿ. ಎರಡನೆಯ ವರ್ಷದ ಕಿರುಪರೀಕ್ಷೆಯೊಂದರಲ್ಲಿ ನಾನು, ಉತ್ತರ ಧ್ರುವದ ಸುತ್ತಲಿನ ಟಂಡ್ರಾ ಪ್ರದೇಶದ ನೆಲ ಬೇಸಿಗೆಯಲ್ಲಿ ಜೌಗಾಗಿರುವುದಕ್ಕೆ ಅಲ್ಲಿ ಬೀಳುವ ಹೇರಳವಾದ ಮಳೆಯೇ ಕಾರಣವೆಂದು ಬಹಳ ಧೈರ್ಯದಿಂದ ಬರೆದಿದ್ದೆ. ಸಸ್ಯಶಾಸ್ತ್ರದ ನಮ್ಮ ಗುರುಗಳು ಆ ಉತ್ತರವನ್ನು ಹೊಡೆದು ಹಾಕಿರಲಿಲ್ಲ, ಅಂಕವನ್ನೂ ಕೊಟ್ಟಿರಲಿಲ್ಲ. ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಅಥಣಿಯ ಮಳೆ ಎಷ್ಟು?’ ಎಂದಷ್ಟೇ ಬರೆದಿದ್ದರು. ನಾನು ಅಥಣಿ ಕಡೆಯ ಒಕ್ಕಲುತನದ ಮನೆಯವನೆಂಬುದು ಅವರಿಗೆ ಗೊತ್ತಿತ್ತು.

ಮಳೆಗಾಗಿ ಮುಗಿಲು ನೋಡುತ್ತ ಬೆಳೆದವನಿಗೆ ಆ ಪ್ರಶ್ನೆ ಚುಚ್ಚಿತು. ಗ್ರಂಥಾಲಯದಲ್ಲಿ ಕುಳಿತು ಹುಡುಕಿದಾಗ, ಟಂಡ್ರಾದ ಅನೇಕ ಕಡೆ ಮಳೆ ಮತ್ತು ಹಿಮ ಎರಡೂ ಸೇರಿ ವರ್ಷಕ್ಕೆ 250 ಮಿಲಿಮೀಟರ್ ಕೂಡ ಆಗುವುದಿಲ್ಲವೆಂದು ತಿಳಿಯಿತು. ಬರಗಾಲದ ತಾಲ್ಲೂಕೆಂದು ಹೆಸರಾದ ನಮ್ಮ ಕಡೆ ಬೀಳುವುದು ಅದರ ಸುಮಾರು ಎರಡು ಪಟ್ಟು. ಹಾಗಿದ್ದರೆ ಅಲ್ಲಿ ಕೆಸರು, ಇಲ್ಲಿ ಬಿರುಕು ಬಿಟ್ಟ ಎರೆಹೊಲ ಏಕೆ? ಮರುದಿನ ಪ್ರಯೋಗಾಲಯದಲ್ಲಿ ಕೇಳಿಯೇಬಿಟ್ಟೆ. ಟಂಡ್ರಾದಲ್ಲಿ ಬೇಸಿಗೆಯಲ್ಲಿ ಕರಗುವುದು ಮೇಲಿನ ತೆಳುವಾದ ಮಣ್ಣಿನ ಪದರ ಮಾತ್ರ, ಅದರ ಕೆಳಗಿನ ನೆಲ ವರ್ಷಾನುಗಟ್ಟಲೆ ಹೆಪ್ಪುಗಟ್ಟಿಯೇ ಇರುತ್ತದೆ, ಮೇಲಾಗಿ ಅಷ್ಟು ತಂಪಿನಲ್ಲಿ ನೀರು ಆವಿಯಾಗುವುದೂ ಕಡಿಮೆ ಎಂದು ವಿವರಿಸಿದ ಅವರು, ಪಾಠದ ಭಾಷೆಯನ್ನು ಬಿಟ್ಟು ಊರ ಮಾತಿಗೆ ಇಳಿದರು: “ಕೆಳಗ ಇಳಿಯಂಗಿಲ್ಲ, ಮ್ಯಾಲ ಹಾರಂಗಿಲ್ಲ. ಆ ನೀರಿಗೆ ನಿಲ್ಲೂದ ಬಿಟ್ಟ ಬ್ಯಾರೆ ದಾರಿ ಏನೈತಪಾ?”

ರಷ್ಯಾದಲ್ಲಿ ಹುಟ್ಟಿದ ಜರ್ಮನ್ ವಿಜ್ಞಾನಿ ವ್ಲಾದಿಮಿರ್ ಕೊಪ್ಪೆನ್ ಅವರ ಹವಾಮಾನ ವರ್ಗೀಕರಣ ನನಗೆ ಅರ್ಥವಾದದ್ದು ಆ ಮಾತಿನ ನಂತರವೇ. ಗಿಡಗಳನ್ನೇ ಅಳತೆಗೋಲು ಮಾಡಿಕೊಂಡು ಹವೆಯನ್ನು ಅಳೆದವರು ಅವರು. ವರ್ಷದ ಅತಿ ಬೆಚ್ಚಗಿನ ತಿಂಗಳ ಸರಾಸರಿಯೂ 10 ಡಿಗ್ರಿ ಮುಟ್ಟದ ಕಡೆ ಮರ ಬೆಳೆಯದು. ಅತಿ ತಂಪಿನ ತಿಂಗಳ ಸರಾಸರಿಯೂ 18 ಡಿಗ್ರಿಗಿಂತ ಕೆಳಗಿಳಿಯದ ಕಡೆ, ಮಳೆಯ ಕೊರತೆ ಇಲ್ಲದಿದ್ದರೆ, ಅದು ಉಷ್ಣವಲಯ. ನಾವು ಸ್ವೆಟರ್ ತೊಟ್ಟು ನಡುಗುತ್ತಿದ್ದ ಬೆಳಗಾವಿಯ ಡಿಸೆಂಬರ್ ಕೂಡ ಈ ಲೆಕ್ಕದಲ್ಲಿ ಬೆಚ್ಚಗಿನ ತಿಂಗಳೇ ಎಂಬುದನ್ನು ಹಾಸ್ಟೆಲಿನಲ್ಲಿ ಯಾರೂ ಒಪ್ಪಲಿಲ್ಲ. ಆದರೆ ಒಣ ನೆಲವನ್ನು ಗುರುತಿಸುವಾಗ ಕೊಪ್ಪೆನ್ ಮಳೆಯ ಒಂದೇ ಅಂಕಿಯನ್ನು ಹಿಡಿದು ಕೂರಲಿಲ್ಲ. ಶಾಖ ಹೆಚ್ಚಿದಷ್ಟೂ ನೆಲ ಒಣಗದಿರಲು ಬೇಕಾಗುವ ಮಳೆಯೂ ಹೆಚ್ಚುತ್ತದೆಂದು ಸೂತ್ರದಲ್ಲಿ ಸೇರಿಸಿದರು. ಕೆಂಪು ಶಾಯಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಗುರುಗಳಿಗೆ ಭೂಪಟಕ್ಕಿಂತ ಬಸ್ಸಿನ ಮೇಲೆ ಹೆಚ್ಚು ನಂಬಿಕೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮನ್ನು ಜಾಂಬೋಟಿ ದಾರಿಯಾಗಿ ಕಣಕುಂಬಿಗೆ ಕರೆದೊಯ್ದರು. ಮಲಪ್ರಭೆ ಹುಟ್ಟುವ ಆ ಊರಿನ ಮಳೆಯನ್ನು ಕಂಡಾಗ, ನಮ್ಮೂರೂ ಇದೇ ಜಿಲ್ಲೆಯಲ್ಲಿದೆಯೇ ಎಂದು ನನಗೆ ಅನುಮಾನವಾಯಿತು. ಎಲ್ಲರೂ ದಟ್ಟ ಕಾಡಿನ ಕಡೆ ಕತ್ತೆತ್ತಿ ನೋಡುತ್ತಿದ್ದರೆ, ಗುರುಗಳು ಮಾತ್ರ ಮರವೇ ಇಲ್ಲದ ಒಂದು ಜಂಬಿಟ್ಟಿಗೆಯ ಬಯಲಿನಲ್ಲಿ ಕೊಡೆ ಮಡಚಿಟ್ಟು ಮೊಣಕಾಲೂರಿ ಕುಳಿತರು. ಬಂಡೆಯ ತಗ್ಗಿನಲ್ಲಿ ಬೆರಳುದ್ದವೂ ಇಲ್ಲದ ಮಣ್ಣು, ಅದರ ಮೇಲೆ ನೀರಿನ ಪಸೆ, ಆ ಪಸೆಯಲ್ಲಿ ನಾಣ್ಯದಗಲದ ಒಂದು ಕೆಂಪು ಗಿಡ ನೆಲಕ್ಕೆ ಅಂಟಿಕೊಂಡಿತ್ತು. ಚಮಚದಂಥ ಎಲೆಗಳ ಮೇಲೆ ಕೂದಲು, ಪ್ರತಿ ಕೂದಲ ತುದಿಗೂ ಇಬ್ಬನಿಯಂತೆ ಹೊಳೆಯುವ ಅಂಟಿನ ಹನಿ. ಭೂತಗನ್ನಡಿಯಲ್ಲಿ ನೋಡಿದಾಗ ಒಂದು ಎಲೆಯಲ್ಲಿ ಸಿಕ್ಕಿಬಿದ್ದ ಗುಂಗಾಡಿನ ಒಂದು ರೆಕ್ಕೆ ಇನ್ನೂ ಅಲುಗುತ್ತಿತ್ತು. ಅದು ಡ್ರೋಸೆರಾ. ಮಳೆಗೆ ತೊಳೆದುಹೋದ ಆ ಮಣ್ಣಿನಲ್ಲಿ ಸಾರಜನಕ ಸಾಲದೆಂದು ಹುಳುಗಳಿಂದ ಪಡೆಯುವ ಗಿಡ. ಇದೇ ಕುಲದ ಇನ್ನೊಂದು ಜಾತಿ ಉತ್ತರ ಯುರೋಪಿನ ತಣ್ಣನೆಯ ಜೌಗಿನಲ್ಲಿ ಬೆಳೆಯುತ್ತದೆಂದು ಗುರುಗಳು ಹೇಳಿದರು. ಅಲ್ಲಿಯೂ ನೀರಿಗೆ ಕೊರತೆಯಿಲ್ಲ, ಸಾರಕ್ಕೆ ಕೊರತೆ. ಪಕ್ಕದಲ್ಲೇ ಅಷ್ಟೆತ್ತರದ ಕಾಡಿರುವಾಗ ಈ ಬಯಲಿನಲ್ಲಿ ಮರ ಏಕಿಲ್ಲವೆಂದು ಗೆಳೆಯನೊಬ್ಬ ಕೇಳಿದ್ದಕ್ಕೆ, ಡಿಸೆಂಬರಿಗೆ ಬಂದು ಈ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು ನೋಡು ಎಂದರು.

ಡಿಸೆಂಬರಿನಲ್ಲಿ ಹೋಗಲಾಗಲಿಲ್ಲ, ಫೆಬ್ರವರಿ ಕೊನೆಗೆ ಖಾನಾಪುರದ ಕಡೆ ಹೋದೆವು. ಸಾಗವಾನಿ ಬೋಳಾಗಿ ನಿಂತಿತ್ತು, ಮತ್ತಿಯ ತುದಿಯಲ್ಲಿ ನಾಲ್ಕು ಎಲೆ ಉಳಿದಿದ್ದವು, ಮುತ್ತಲ ಮಾತ್ರ ಎಲೆಯಿಲ್ಲದೆಯೂ ಹೂವಿನಿಂದ ಉರಿಯುತ್ತಿತ್ತು. ಸೈಬೀರಿಯಾದ ಲಾರ್ಚ್ ಮರ ಸೂಜಿಎಲೆಯ ಬಳಗದ್ದಾದರೂ ಚಳಿಗಾಲಕ್ಕೆ ಎಲ್ಲ ಎಲೆ ಉದುರಿಸುತ್ತದೆಂಬ ಸಂಗತಿಯನ್ನು ನಾನು ಕೇಳಿದ್ದು ಆ ತರಗೆಲೆಗಳ ಮೇಲೆ ನಿಂತು. ಅಲ್ಲಿ ಹೆಪ್ಪುಗಟ್ಟಿದ ನೀರನ್ನು ಬೇರು ಹೀರಲಾರದು, ಇಲ್ಲಿ ಹೀರಲು ನೀರೇ ಇರದು. ಮರದ ಮಟ್ಟಿಗೆ ಎರಡೂ ಬರಗಾಲವೇ. ನಿತ್ಯಹರಿದ್ವರ್ಣದ ಕಾಡಿನ ಬಗ್ಗೆ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಅದರ ಸಿರಿಯ ಬಹುಪಾಲು ಮರಗಳಲ್ಲೂ ಕೊಳೆಯುವ ಎಲೆಗಳಲ್ಲೂ ಇದೆ, ಕಡಿದು ಜೋಳ ಬಿತ್ತಿದರೆ ನಾಲ್ಕು ಬೆಳೆಗೆ ಮಣ್ಣು ಸೋಲುತ್ತದೆ ಎಂದಷ್ಟು ಹೇಳಿ ಮುಂದೆ ಸಾಗುತ್ತಿದ್ದರು.

ಆ ಪ್ರವಾಸ ಮುಗಿಸಿ ಊರಿಗೆ ಹೋದಾಗ, ಹೊಲದ ಬದುವಿನಲ್ಲಿ ಹುಟ್ಟಿದಾಗಿನಿಂದ ನೋಡಿದ್ದ ಕಳ್ಳಿಯನ್ನೂ ಡಬ್ಬುಗಳ್ಳಿಯನ್ನೂ ಮೊದಲ ಸಲ ನಿಂತು ನೋಡಿದೆ. ಡಬ್ಬುಗಳ್ಳಿ ಅಮೆರಿಕದಿಂದ ಬಂದ ಕ್ಯಾಕ್ಟಸ್, ನಮ್ಮ ಕಳ್ಳಿಯೋ ಹರಳೆಣ್ಣೆಯ ಔಡಲದ ಕುಟುಂಬದ್ದು. ಬಳಗ ಬೇರೆಯಾದರೂ ಎಲೆ ಬಿಟ್ಟು ಕಾಂಡದಲ್ಲಿ ನೀರು ಕೂಡಿಡುವುದನ್ನು ಎರಡೂ ಬೇರೆ ಬೇರೆಯಾಗಿ ಕಲಿತಿವೆ. ಇದನ್ನು ಅಪ್ಪನಿಗೆ ಹೇಳಿದೆ. ಬೇಲಿಗೆ ಎರಡೂ ಆದೀತು ಎಂದರು.

ಧ್ರುವಪ್ರದೇಶವನ್ನು ನಾನು ಈವರೆಗೆ ಕಂಡಿಲ್ಲ. ನೌಕರಿ ಸೇರಿದ ಎಷ್ಟೋ ವರ್ಷಗಳ ಮೇಲೆ ಒಂದು ಜೂನಿನಲ್ಲಿ ಮನಾಲಿಯಿಂದ 3978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಗೆ ಹೋಗಿದ್ದೆ. ದೇವದಾರು ಕೆಳಗೆ ಉಳಿಯಿತು, ಆಮೇಲೆ ಬಿಳಿ ತೊಗಟೆಯ ಭೂರ್ಜ ವೃಕ್ಷಗಳು ಹಿಮದ ಭಾರಕ್ಕೆ ಬಾಗಿ ನಿಂತಿದ್ದವು, ಅದರಾಚೆ ಮರಗಳೇ ಇರಲಿಲ್ಲ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಇಳಿಯುತ್ತದೆಂದು ಬಾಯಿಪಾಠ ಮಾಡಿದ್ದನ್ನು ಅರ್ಧ ದಿನದಲ್ಲಿ ಕಣ್ಣಾರೆ ಕಂಡ ಸಂಭ್ರಮದಲ್ಲಿ, ನಿವೃತ್ತರಾಗಿದ್ದ ಗುರುಗಳಿಗೆ ನಾಲ್ಕು ಪುಟದ ಪತ್ರ ಬರೆದೆ; ಬೇಸಿಗೆಯಲ್ಲಿ ಧ್ರುವದ ಸೂರ್ಯ ಮುಳುಗುವುದಿಲ್ಲ, ಬೆಟ್ಟದ ಮೇಲೆ ದಿನಾ ರಾತ್ರಿಯಾಗುತ್ತದೆ, ಆದ್ದರಿಂದ ಬೆಟ್ಟವನ್ನು ಧ್ರುವವೆಂದು ತಿಳಿಯಬೇಡಿರೆಂದು ಅವರು ತರಗತಿಯಲ್ಲಿ ಎಚ್ಚರಿಸಿದ್ದು ನೆನಪಿದೆಯೆಂದೂ ಸೇರಿಸಿದೆ. ವಾರದೊಳಗೆ ಕಾರ್ಡು ಬಂತು. ಕ್ಷೇಮಸಮಾಚಾರದ ಕೆಳಗೆ, ಅದೇ ಕೆಂಪು ಶಾಯಿಯಲ್ಲಿ, ‘ಕೊನೆಯ ಭೂರ್ಜದ ಬುಡದ ಮಣ್ಣು ಹಸಿಯಾಗಿತ್ತೋ, ಒಣಗಿತ್ತೋ?’ ಎಂದಿತ್ತು.

ನಾನು ಮುಟ್ಟಿ ನೋಡಿರಲಿಲ್ಲ.